ಮೇಜಿನ ಮೇಲಿನ ಮಲಪ್ರಭೆಗೊಂದು ಕಾಂಕ್ರೀಟ್ ಸೇತುವೆ

ಬಾಗಲಕೋಟೆ: ಮಾದರಿ ರೈಲಿನ ಹವ್ಯಾಸವುಳ್ಳವರು ಎಂಜಿನ್ನಿಗೆ, ಬೋಗಿಗಳಿಗೆ ಧಾರಾಳವಾಗಿ ಹಣ ಸುರಿಯುತ್ತಾರೆ. ಹಳಿ ಹಾಸುವುದಕ್ಕೆ ರಜಾದಿನಗಳನ್ನೆಲ್ಲ ಮೀಸಲಿಡುತ್ತಾರೆ. ಹಳಿಯನ್ನು ದಾಟುವ ರಸ್ತೆಗೊಂದು ಸೇತುವೆ ಬೇಕಾದಾಗ ಮಾತ್ರ, ಪರದೇಶದಿಂದ ಬಂದ ಪೆಟ್ಟಿಗೆಯನ್ನು ಬಿಚ್ಚಿ ಯುರೋಪಿನ ಯಾವುದೋ ಕಣಿವೆಯ ಕಲ್ಲುಕಮಾನನ್ನು ಜೋಡಿಸಿ ನಿಲ್ಲಿಸಿಬಿಡುತ್ತಾರೆ. ಅದರಡಿಯಲ್ಲಿ ನೈಋತ್ಯ ರೈಲ್ವೆಯ ನೀಲಿ ಬೋಗಿಗಳು ಸಾಗುವಾಗ ನೋಡುವವರಿಗೆ ಏನೋ ಕಸಿವಿಸಿ. ತಪ್ಪು ಎಲ್ಲಿದೆ ಎಂದು ಬೆರಳು ಮಾಡಿ ತೋರಿಸಲು ಬಾರದು. ಆದರೆ ಇದು ನಮ್ಮ ಊರಲ್ಲ ಎಂಬುದು ಮಗುವಿಗೂ ತಿಳಿಯುತ್ತದೆ.

ನಮ್ಮ ಊರುಗಳ ರಸ್ತೆ ಸೇತುವೆಗಳಲ್ಲಿ ಹೆಚ್ಚಿನವು ಕಾಂಕ್ರೀಟಿನವು. ಅವುಗಳಿಗೆ ಅಂದವಿಲ್ಲವೆಂದು ಯಾರೂ ತಿರುಗಿ ನೋಡುವುದಿಲ್ಲ. ಅದನ್ನೇ ಚಿಕ್ಕದಾಗಿ ಕಟ್ಟಲು ಕುಳಿತವರಿಗೆ ಗೊತ್ತು, ಅದೆಷ್ಟು ಕಷ್ಟದ ಕೆಲಸವೆಂದು. ಇಟ್ಟಿಗೆಗೆ ಗೆರೆಗಳುಂಟು, ಕಲ್ಲಿಗೆ ಸಂದುಗಳುಂಟು, ಉಕ್ಕಿಗೆ ರಿವೆಟ್ಟುಗಳುಂಟು. ಕಾಂಕ್ರೀಟಿಗೆ ಮೇಲ್ನೋಟಕ್ಕೆ ಏನೂ ಇಲ್ಲ. ಹೀಗಾಗಿ ಬೂದು ಬಣ್ಣ ಬಳಿದ ರಟ್ಟು ಕೊನೆಯವರೆಗೂ ಬೂದು ಬಣ್ಣ ಬಳಿದ ರಟ್ಟಾಗಿಯೇ ಉಳಿಯುತ್ತದೆ.

ಇದನ್ನು ಕಲಿಯಲು ಬಾಗಲಕೋಟೆ ಜಿಲ್ಲೆಯಂಥ ಪಾಠಶಾಲೆ ರಾಜ್ಯದಲ್ಲಿ ವಿರಳ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ನದಿಗಳು ಇಲ್ಲಿ ಹರಿಯುತ್ತವೆ. ಆಲಮಟ್ಟಿಯ ಹಿನ್ನೀರು ಘಟಪ್ರಭೆಯ ಪಾತ್ರದೊಳಗೆ ನುಗ್ಗಿ ಬಾಗಲಕೋಟೆಯನ್ನು ಮುಟ್ಟಿದೆ. ಅನಗವಾಡಿಯ ಬಳಿ ಘಟಪ್ರಭೆಯನ್ನು, ಕೊರ್ತಿ-ಕೊಲ್ಹಾರದ ನಡುವೆ ಕೃಷ್ಣೆಯನ್ನು ದಾಟುವ ಉದ್ದನೆಯ ಹೆದ್ದಾರಿ ಸೇತುವೆಗಳಿವೆ. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುವ ಹಳ್ಳದ ಸೇತುವೆಗಳೂ ಇವೆ. ಇವುಗಳ ಜತೆಗೆ ಗದಗದಿಂದ ಬಾದಾಮಿ, ಬಾಗಲಕೋಟೆ, ವಿಜಯಪುರ ಮಾರ್ಗವಾಗಿ ಹೊಟಗಿಗೆ ಹೋಗುವ ರೈಲು ಹಳಿ.

ಕಾಲವೂ ಕಾಯುತ್ತಿಲ್ಲ. 2008ರ ಹೊತ್ತಿಗೆ ಈ ಮಾರ್ಗ ಮೀಟರ್ ಗೇಜಿನಿಂದ ಬ್ರಾಡ್ ಗೇಜಿಗೆ ಬದಲಾಯಿತು. 284 ಕಿಲೋಮೀಟರ್ ಉದ್ದದ ಗದಗ-ಹೊಟಗಿ ಹಳಿಯನ್ನು ಜೋಡಿ ಮಾರ್ಗವಾಗಿಸುವ ಕೆಲಸ ಕಳೆದ ದಶಕದಲ್ಲಿ ಶುರುವಾಯಿತು. ವಿದ್ಯುತ್ ತಂತಿಯೂ ಬಂತು. ಹುನಗುಂದ, ಇಳಕಲ್ ಹಾಯ್ದು ಹೋಗುವ ಹೆದ್ದಾರಿ ಚತುಷ್ಪಥವಾಯಿತು. ಇಂಥ ಪ್ರತಿಯೊಂದು ಕಾಮಗಾರಿಯೂ ಕೆಲವು ಹಳೆಯ ಸೇತುವೆಗಳನ್ನು ಪಕ್ಕಕ್ಕೆ ಸರಿಸುತ್ತದೆ ಇಲ್ಲವೇ ಕೆಡಹುತ್ತದೆ. ಹಳೆಯ ಬಾಗಲಕೋಟೆಯ ತಗ್ಗು ಭಾಗಗಳು ಹಿನ್ನೀರಿಗೆ ಸೇರಿ, ನವನಗರ ಎದ್ದು ನಿಂತ ಜಿಲ್ಲೆ ಇದು. ಇದ್ದದ್ದು ಇಲ್ಲವಾಗುವುದು ಎಂದರೇನೆಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಗುಡಿಗಳ ಅಳತೆಯನ್ನು ಪುರಾತತ್ವ ಇಲಾಖೆ ಬರೆದಿಟ್ಟುಕೊಳ್ಳುತ್ತದೆ. ಊರ ಹೊರಗಿನ ಎರಡು ಅಂಕಣದ ಸೇತುವೆಯ ಅಳತೆಯನ್ನು, ಅದರ ಮೇಲಿನ ಕಲೆಗಳನ್ನು ಬರೆದಿಡುವವರು ಯಾರು? ಹವ್ಯಾಸಿಯೊಬ್ಬ ಟೇಪು ಹಿಡಿದು ಹೋದರೆ ಉಂಟು, ಇಲ್ಲವಾದರೆ ಇಲ್ಲ.

ಈ ಲೇಔಟ್ ನಿವೇಶನದ್ದಲ್ಲ

ಲೇಔಟ್ ಎಂದೊಡನೆ ನವನಗರದ ಸೆಕ್ಟರುಗಳು ನೆನಪಾಗುವುದು ಸಹಜ. ಮಾದರಿ ರೈಲಿನವರ ಭಾಷೆಯಲ್ಲಿ ಲೇಔಟ್ ಎಂದರೆ ಮರದ ಹಲಗೆಯ ಮೇಲೆ ಹಳಿ, ನಿಲ್ದಾಣ, ಗುಡ್ಡ, ಹೊಲ, ಊರುಗಳನ್ನು ಒಂದೇ ಅಳತೆಯಲ್ಲಿ ಕುಗ್ಗಿಸಿ ಕೂರಿಸಿದ ದೃಶ್ಯ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ‘ಎಚ್‌ಒ’ ಎಂಬ ಅಳತೆ. ಇದರಲ್ಲಿ ಎಲ್ಲವೂ ನಿಜ ಗಾತ್ರದ 87ನೇ ಒಂದು ಭಾಗ. ಐದೂವರೆ ಅಡಿಯ ಆಳು ಎರಡು ಸೆಂಟಿಮೀಟರಿಗೂ ತುಸು ಕಡಿಮೆ ಎತ್ತರದ ಗೊಂಬೆಯಾಗುತ್ತಾನೆ. ಜಾಗ ಕಡಿಮೆ ಇರುವವರು 160ನೇ ಒಂದು ಭಾಗದ ‘ಎನ್’ ಅಳತೆಯನ್ನು ಆರಿಸಿಕೊಳ್ಳುತ್ತಾರೆ.

ಇಲ್ಲೊಂದು ತೊಡಕುಂಟು. ಎಚ್‌ಒ ಹಳಿಗಳ ನಡುವಣ ಅಂತರ 16.5 ಮಿಲಿಮೀಟರ್. ಅದು ಯುರೋಪ್, ಅಮೆರಿಕಗಳ 1,435 ಮಿ.ಮೀ. ಗೇಜಿಗೆ ಲೆಕ್ಕ ಹಾಕಿದ್ದು. ನಮ್ಮ ಬ್ರಾಡ್ ಗೇಜ್ 1,676 ಮಿ.ಮೀ.; 87ರಿಂದ ಭಾಗಿಸಿದರೆ 19 ಮಿ.ಮೀ.ಗೂ ಹೆಚ್ಚಾಗುತ್ತದೆ. ಭಾರತೀಯ ಹವ್ಯಾಸಿಗಳಲ್ಲಿ ಬಹುಪಾಲು ಮಂದಿ ಈ ವ್ಯತ್ಯಾಸವನ್ನು ನುಂಗಿಕೊಂಡು 16.5ರ ಹಳಿಯಲ್ಲೇ ಗಾಡಿ ಓಡಿಸುತ್ತಾರೆ. ರಸ್ತೆ ಸೇತುವೆಗೆ ಇಂಥ ರಾಜಿಯ ಅಗತ್ಯವೇ ಇಲ್ಲ. ಟೇಪು ಹೇಳಿದ ಅಳತೆಯನ್ನು 87ರಿಂದ ಭಾಗಿಸಿದರಾಯಿತು. ಹಳಿ ಪರದೇಶದ್ದಾದರೂ ಸೇತುವೆ ಅಪ್ಪಟ ನಮ್ಮದಾಗಬಹುದು.

ಲೇಔಟಿನಲ್ಲಿ ರಸ್ತೆ ಸೇತುವೆಗೆ ಇನ್ನೊಂದು ಗುಟ್ಟಿನ ಕೆಲಸವೂ ಇದೆ. ಮೇಜು ಎಲ್ಲೋ ಒಂದು ಕಡೆ ಮುಗಿಯಲೇಬೇಕು. ರೈಲು ಗೋಡೆಯ ತೂತಿನೊಳಗೆ ನುಗ್ಗಿ ಮಾಯವಾದರೆ ದೃಶ್ಯವೆಲ್ಲ ಕೆಡುತ್ತದೆ. ಆ ತೂತಿನ ಮುಂದೆ ಒಂದು ಸೇತುವೆ ಅಡ್ಡ ನಿಂತರೆ ಕಣ್ಣು ಅಲ್ಲಿಗೇ ನಿಲ್ಲುತ್ತದೆ. ರೈಲು ಸೇತುವೆಯ ಆಚೆಗಿನ ಊರಿಗೆ ಹೋಯಿತೆಂದು ಮನಸ್ಸು ನಂಬುತ್ತದೆ. ನೋಡುವವರ ಕಣ್ಣೆಲ್ಲ ಇಲ್ಲೇ ನೆಡುವುದರಿಂದ ಸೇತುವೆಯಲ್ಲಿನ ತಪ್ಪು ಬೇಗ ಸಿಕ್ಕಿಬೀಳುತ್ತದೆ.

ಎತ್ತರದ ಲೆಕ್ಕ

ವಿದ್ಯುದೀಕರಣಗೊಂಡ ಬ್ರಾಡ್ ಗೇಜ್ ಮಾರ್ಗದ ಮೇಲೆ ಈಗ ಕಟ್ಟುವ ರಸ್ತೆ ಸೇತುವೆಗಳಲ್ಲಿ ಹಳಿಯ ನೆತ್ತಿಯಿಂದ ತೊಲೆಯ ತಳದವರೆಗೆ ಸುಮಾರು ಆರೂವರೆ ಮೀಟರ್ ತೆರವು ಬಿಡಲಾಗುತ್ತದೆ. ಎಚ್‌ಒದಲ್ಲಿ ಇದು 75 ಮಿಲಿಮೀಟರ್. ಅದರ ಮೇಲೆ ತೊಲೆಯ ಎತ್ತರ, ಸ್ಲ್ಯಾಬಿನ ದಪ್ಪ ಸೇರಿದರೆ ಹಳಿಯಿಂದ ರಸ್ತೆಗೆ ನಿಜದಲ್ಲಿ ಎಂಟು ಮೀಟರ್ ಮೀರುತ್ತದೆ.

ಎಂಟು ಚಿಲ್ಲರೆ ಮೀಟರ್ ಏರಲು ರಸ್ತೆಗೆ ಎಷ್ಟು ಉದ್ದ ಬೇಕು? ಇಂಥ ಸೇತುವೆಗಳ ಏರುದಾರಿಯನ್ನು ಸಾಮಾನ್ಯವಾಗಿ 30ಕ್ಕೆ 1ರ ಇಳಿಜಾರಿನಲ್ಲಿ ಕಟ್ಟುತ್ತಾರೆ. ಅಂದರೆ ಒಂದು ಬದಿಗೆ 250 ಮೀಟರ್. ಎಚ್‌ಒದಲ್ಲಿ ಹತ್ತಿರ ಹತ್ತಿರ ಮೂರು ಮೀಟರ್. ಎರಡೂ ಬದಿ ಸೇರಿದರೆ ಆರು. ಮನೆಯ ಪಡಸಾಲೆಯಲ್ಲಿ ಸೇತುವೆಯೊಂದಕ್ಕೇ ಇಷ್ಟು ಜಾಗ ಕೊಡುವ ಗೃಹಿಣಿ ಸಿಗುವುದು ಕಷ್ಟ! ಇಳಿಜಾರನ್ನು ಕಡಿದು ಚಿಕ್ಕದು ಮಾಡಿದರೆ ಸೇತುವೆ ಒಂಟೆಯ ಡುಬ್ಬದಂತಾಗುತ್ತದೆ. ಮೊದಲ ಬಾರಿಗೆ ಸೇತುವೆ ಕಟ್ಟುವವರಲ್ಲಿ ಅನೇಕರು ಎಡವುವುದು ಇಲ್ಲಿಯೇ.

ಪರಿಹಾರವನ್ನು ಬಾದಾಮಿಯ ಸೀಮೆಯ ನೆಲವೇ ತೋರಿಸಿಕೊಡುತ್ತದೆ. ಇಲ್ಲಿ ಕೆಂಪು ಮರಳುಗಲ್ಲಿನ ಗುಡ್ಡಗಳುಂಟು. ನೆಲ ಎತ್ತರವಿರುವಲ್ಲಿ ಹಳಿಗಾಗಿ ನೆಲವನ್ನು ಕಡಿದು ದಾರಿ ಮಾಡಿದರೆ ರಸ್ತೆ ಏರಬೇಕಿಲ್ಲ. ಇದ್ದಲ್ಲಿಂದ ನೇರವಾಗಿ ದಾಟುತ್ತದೆ. ಲೇಔಟಿನಲ್ಲಿ ಹಳಿಯ ಎರಡೂ ಬದಿಗೆ ಒಂಬತ್ತು-ಹತ್ತು ಸೆಂಟಿಮೀಟರ್ ಎತ್ತರದ ದಿಬ್ಬ ಎಬ್ಬಿಸಿ ಅದರ ನೆತ್ತಿಯಿಂದ ನೆತ್ತಿಗೆ ಸೇತುವೆ ಹಾಸಿದರೆ ಆರು ಮೀಟರಿನ ಏರುದಾರಿ ಉಳಿಯಿತು. ಬಯಲು ಸೀಮೆಯದೇ ದೃಶ್ಯ ಬೇಕೆನ್ನುವವರು ಏರುದಾರಿಯ ತುದಿಯನ್ನಷ್ಟೇ ತೋರಿಸಿ ಉಳಿದದ್ದನ್ನು ಮೇಜಿನ ಅಂಚಿನಲ್ಲಿ ಕತ್ತರಿಸುತ್ತಾರೆ, ಇಲ್ಲವೇ ಬೇವು, ಜಾಲಿ ಮರಗಳ ಸಾಲಿನ ಹಿಂದೆ ಮರೆಮಾಡುತ್ತಾರೆ.

ನದಿ ಸೇತುವೆಯ ಆಸೆಯಿದ್ದವರೂ ಲೆಕ್ಕ ಹಾಕಿಯೇ ಮುಂದುವರಿಯುವುದು ಒಳಿತು. ಒಂದು ಕಿಲೋಮೀಟರ್ ಉದ್ದದ ಸೇತುವೆ ಎಚ್‌ಒದಲ್ಲಿ ಹನ್ನೊಂದೂವರೆ ಮೀಟರ್. ಕೃಷ್ಣೆಯ ಆಸೆ ಬಿಟ್ಟು ಹಳ್ಳವೊಂದಕ್ಕೆ ಇಳಿಯುವುದೇ ಜಾಣತನ. ಮೂರು ಅಂಕಣದ ಹಳ್ಳದ ಸೇತುವೆಯನ್ನು ಒಂದಿನಿತೂ ಕುಗ್ಗಿಸದೆ ಅರ್ಧ ಮೀಟರಿನಲ್ಲಿ ಪೂರ್ತಿಯಾಗಿ ಕಟ್ಟಬಹುದು.

ಭಾರ ಎಲ್ಲಿಂದ ಎಲ್ಲಿಗೆ?

ಕಣ್ಣಿಗೆ ಸೇತುವೆಯೆಂದು ತೋರಬೇಕಾದರೆ ಅದು ಭಾರ ಹೊತ್ತಂತೆ ತೋರಬೇಕು. ಲಾರಿಯ ತೂಕ ಸ್ಲ್ಯಾಬಿಗೆ, ಸ್ಲ್ಯಾಬಿನಿಂದ ತೊಲೆಗೆ, ತೊಲೆಯಿಂದ ಬೇರಿಂಗಿಗೆ, ಅಲ್ಲಿಂದ ಕಂಬದ ತಲೆಪಟ್ಟಿಗೆ, ಕೊನೆಗೆ ನೆಲಕ್ಕೆ. ಈ ದಾರಿಯಲ್ಲಿ ಒಂದು ಮೆಟ್ಟಿಲು ತಪ್ಪಿದರೂ ಮಾದರಿ ಪೊಳ್ಳಾಗಿ ಕಾಣುತ್ತದೆ.

ಭಾರತೀಯ ರಸ್ತೆ ಕಾಂಗ್ರೆಸ್‌ನ ನಿಯಮಗಳ ಪ್ರಕಾರ ಏಕಪಥ ಸೇತುವೆಯ ವಾಹನಪಥ ಕನಿಷ್ಠ 4.25 ಮೀಟರ್, ದ್ವಿಪಥದ್ದು 7.5 ಮೀಟರ್ ಅಗಲವಿರಬೇಕು. ಎಚ್‌ಒದಲ್ಲಿ ಕ್ರಮವಾಗಿ 49 ಮತ್ತು 86 ಮಿಲಿಮೀಟರ್. ಪಾದಚಾರಿ ಮಾರ್ಗವಿದ್ದರೆ ಒಂದೊಂದಕ್ಕೆ ಒಂದೂವರೆ ಮೀಟರ್, ಅಂದರೆ 17 ಮಿ.ಮೀ. ಸೇರಿಸಬೇಕು. ದ್ವಿಪಥ ಸೇತುವೆಯ ಅಡಿಯಲ್ಲಿ ಸಾಮಾನ್ಯವಾಗಿ ಮೂರೋ ನಾಲ್ಕೋ ತೊಲೆಗಳು ಸಾಲಾಗಿರುತ್ತವೆ. ತೊಲೆಯ ಎತ್ತರ ಅಂಕಣದ ಉದ್ದದ ಹತ್ತರಿಂದ ಹನ್ನೆರಡರಲ್ಲಿ ಒಂದು ಪಾಲು. ಅಂಕಣವೆಂದರೆ ಎರಡು ಕಂಬಗಳ ನಡುವಣ ಅಂತರ. ಉತ್ತರ ಕರ್ನಾಟಕದ ಮನೆಗಳ ಅಂಕಣದ ಲೆಕ್ಕವೇ ಇಲ್ಲಿಯೂ. 20 ಮೀಟರ್ ಅಂಕಣಕ್ಕೆ ಎರಡು ಮೀಟರಿನೊಳಗಿನ ತೊಲೆ. ಮಾದರಿಯಲ್ಲಿ 230 ಮಿ.ಮೀ. ಉದ್ದಕ್ಕೆ 20 ಮಿ.ಮೀ. ಎತ್ತರ. ಈ ಅನುಪಾತ ಮೀರಿ ತೊಲೆಯನ್ನು ತೆಳುವಾಗಿಸಿದರೆ ಸೇತುವೆ ಬಾಗಿಬಿಡುತ್ತದೇನೋ ಎಂಬ ಭಯ ನೋಡುವವರಲ್ಲಿ ಹುಟ್ಟುತ್ತದೆ. ಲೆಕ್ಕ ತಿಳಿಯದವರ ಕಣ್ಣಿಗೂ ಈ ಭಯ ತಪ್ಪುವುದಿಲ್ಲ.

ತೊಲೆ ಕಂಬದ ಮೇಲೆ ನೇರವಾಗಿ ಕೂರುವುದಿಲ್ಲ. ನಡುವೆ ರಬ್ಬರಿನ ಬೇರಿಂಗ್ ಇರುತ್ತದೆ. ಅದರ ಕೆಳಗೊಂದು ಪುಟ್ಟ ಪೀಠ. ಬಿಸಿಲಿಗೆ ಕಾಂಕ್ರೀಟ್ ಹಿಗ್ಗಿದಾಗ, ರಾತ್ರಿ ಕುಗ್ಗಿದಾಗ ತೊಲೆ ಸರಿದಾಡಲೆಂದು ಈ ಏರ್ಪಾಡು. ಮಾದರಿಯಲ್ಲಿ ಅರ್ಧ ಮಿಲಿಮೀಟರಿನ ಕಪ್ಪು ರಟ್ಟಿನ ತುಣುಕು ಸಾಕು. ಆ ತುಣುಕು ಕಾಣುವುದಿಲ್ಲ, ಅದರ ಸುತ್ತಲಿನ ನೆರಳು ಕಾಣುತ್ತದೆ. ಸೇತುವೆ ‘ಅಂಟಿಸಿದ್ದು’ ಎಂಬ ಭಾವನೆಯನ್ನು ಅಳಿಸುವುದು ಆ ನೆರಳೇ. ಹಾಗೆಯೇ ಪ್ರತಿ ಕಂಬದ ನೆತ್ತಿಗೆ ಸರಿಯಾಗಿ ರಸ್ತೆಯ ಮೇಲೆ ಅಡ್ಡಲಾಗಿ ಒಂದು ಸಂದು ಇರಬೇಕು. ಬಸ್ಸಿನಲ್ಲಿ ಸೇತುವೆ ದಾಟುವಾಗ ‘ದಡ್ ದಡ್’ ಎನ್ನುವುದು ಇದೇ ಸಂದು. ಮಾದರಿಯಲ್ಲಿ ಚೂಪಾದ ಚಾಕುವಿನಿಂದ ಎಳೆದ ಒಂದು ಗೆರೆ.

ಕಂಬಗಳ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ರಸ್ತೆ ಹಳಿಯನ್ನೋ ಹಳ್ಳವನ್ನೋ ಓರೆಯಾಗಿ ದಾಟುವಾಗ ಕಂಬಗಳನ್ನು ರಸ್ತೆಗೆ ಅಡ್ಡಲಾಗಿ ಇಡುವುದಿಲ್ಲ. ಹಳಿಯ ದಿಕ್ಕಿಗೆ, ನೀರಿನ ಹರಿವಿಗೆ ಹೊಂದಿಸಿ ಇಡುತ್ತಾರೆ. ನೀರು ಕಂಬದ ಅಗಲಕ್ಕೆ ಬಡಿದರೆ ಬುಡದ ಮಣ್ಣು ಕೊಚ್ಚಿಹೋಗುತ್ತದೆ. ಮೇಜಿನ ಮೇಲೆ ಹರಿಯುವುದು ಅಂಟಿನ ನೀರಾದರೂ ಅದಕ್ಕೊಂದು ದಿಕ್ಕಿದೆ ಎಂಬುದನ್ನು ಕಂಬಗಳು ಹೇಳಬೇಕು.

ಸಿಮೆಂಟಿನಿಂದ ಯಾಕೆ ಬೇಡ?

ಬಾಗಲಕೋಟೆ ಸುಣ್ಣಕಲ್ಲಿನ ಸೀಮೆ, ಸಿಮೆಂಟಿನ ಸೀಮೆ. ಕಾಂಕ್ರೀಟ್ ಸೇತುವೆಯ ಮಾದರಿಗೆ ಸಿಮೆಂಟನ್ನೇ ಬಳಸಿದರೆ ಹೇಗೆ ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರ ಉಸುಕಿನ ಕಣದಲ್ಲಿದೆ. ಒಂದು ಮಿಲಿಮೀಟರಿನ ಕಣ ಎಚ್‌ಒ ಲೋಕದಲ್ಲಿ 87 ಮಿಲಿಮೀಟರಿನ ಕಲ್ಲು! ನಿಜವಾದ ಸೇತುವೆಯಲ್ಲಿ ಬಳಸುವ 20 ಮಿ.ಮೀ. ಖಡಿ ಈ ಅಳತೆಯಲ್ಲಿ ಕಾಲು ಮಿಲಿಮೀಟರಿಗೂ ಚಿಕ್ಕದು. ಹೀಗಾಗಿ ನಿಜವಾದ ಗಾರೆಯ ಸೇತುವೆ ಗುಂಡುಕಲ್ಲಿನ ಗೋಡೆಯಂತೆ ಕಾಣುತ್ತದೆ. ತೂಕವೂ ಹೆಚ್ಚು, ತೆಳುವಾದ ಅಂಚುಗಳು ಒಡೆಯುತ್ತವೆ.

ನುರಿತವರು ಸ್ಟೈರೀನ್ ಎಂಬ ಪ್ಲಾಸ್ಟಿಕ್ ಹಾಳೆಯನ್ನು ಮೆಚ್ಚುತ್ತಾರೆ. ಎಲ್ಲ ಊರುಗಳಲ್ಲಿ ಅದು ಸಿಗುವುದಿಲ್ಲ. ಫಲಕ ಬರೆಯುವವರು, ಕಾಲೇಜಿನ ಪ್ರಾಜೆಕ್ಟ್ ಮಾಡುವವರು ಬಳಸುವ ಸನ್‌ಬೋರ್ಡ್ ಜಿಲ್ಲಾ ಕೇಂದ್ರಗಳ ಸ್ಟೇಷನರಿ ಅಂಗಡಿಗಳಲ್ಲಿ ಸಿಗುತ್ತದೆ. 3 ಮಿ.ಮೀ. ದಪ್ಪದ್ದು ಸ್ಲ್ಯಾಬಿಗೆ ಹೇಳಿಮಾಡಿಸಿದಂತಿದೆ, ಯಾಕೆಂದರೆ ನಿಜವಾದ ಸ್ಲ್ಯಾಬು ಕಾಲು ಮೀಟರಿನ ಆಸುಪಾಸು. ಗುಂಡನೆಯ ಕಂಬಕ್ಕೆ ವೈರಿಂಗಿನ 20 ಮಿ.ಮೀ. ಪಿವಿಸಿ ಕೊಳವೆ ಸಾಕು, ಅದು 1.74 ಮೀಟರ್ ವ್ಯಾಸದ ಕಂಬವಾಯಿತು. ಕೊಳವೆಯ ಹೊಳಪನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ತೆಗೆಯದಿದ್ದರೆ ಬಣ್ಣ ನಿಲ್ಲದು. ಥರ್ಮೋಕೋಲ್ ಗುಡ್ಡ ಮಾಡಲು ಸರಿ, ಸೇತುವೆಗೆ ಬೇಡ. ಅದರ ಮೇಲೆ ಸ್ಪ್ರೇ ಬಣ್ಣ ಹಾಕಿದರಂತೂ ಕಣ್ಣೆದುರೇ ಕರಗುತ್ತದೆ. ಫೆವಿಕಾಲ್ ಮತ್ತು ನೀರು ಬೆರೆಸುವ ಬಣ್ಣಗಳಷ್ಟೇ ಅದಕ್ಕೆ ಆಗಿಬರುವುದು.

ರಸ್ತೆಯ ನಡುಭಾಗ ತುಸು ಉಬ್ಬಿರಬೇಕು. ಮಳೆನೀರು ಎರಡೂ ಬದಿಗೆ ಹರಿಯಲೆಂದು ಇಂಜಿನಿಯರರು ಕೊಡುವ ಈ ಉಬ್ಬು ಮಾದರಿಯಲ್ಲಿ ಒಂದು ಮಿಲಿಮೀಟರ್ ಮಾತ್ರ. ಸ್ಲ್ಯಾಬಿನ ಮೇಲೆ ಉದ್ದಕ್ಕೂ ಒಂದು ತೆಳು ಪಟ್ಟಿ ಇಟ್ಟು ಅದರ ಮೇಲೆ ಡಾಂಬರು ಬಣ್ಣದ ಹಾಳೆ ಹೊದಿಸಿದರೆ ಆಯಿತು. ಇಷ್ಟು ಚಿಕ್ಕ ಉಬ್ಬು ಯಾರಿಗೆ ಕಾಣುತ್ತದೆ ಎಂದು ಬಿಟ್ಟವರು ಬೆಳಕು ಓರೆಯಾಗಿ ಬಿದ್ದಾಗ ಪಶ್ಚಾತ್ತಾಪ ಪಡುತ್ತಾರೆ.

ಕಾಂಕ್ರೀಟಿಗೆ ಏನೂ ಗುರುತಿಲ್ಲ ಎಂದು ಮೊದಲು ಹೇಳಿದ್ದು ಮೇಲ್ನೋಟದ ಮಾತು. ಹತ್ತಿರ ಹೋದರೆ ಅದು ತಾನು ಹುಟ್ಟಿದ ಅಚ್ಚಿನ ಗುರುತನ್ನು ಹೊತ್ತಿರುತ್ತದೆ. ಹಳೆಯ ಸೇತುವೆಗಳಲ್ಲಿ ಮರದ ಸೆಂಟ್ರಿಂಗ್ ಹಲಗೆಗಳ ಅಗಲಕ್ಕೆ ಸರಿಯಾಗಿ ಗೆರೆಗಳು ಮೂಡಿರುತ್ತವೆ. ಮಾದರಿಯಲ್ಲಿ ಒಂದೂವರೆ ಮಿ.ಮೀ. ಅಂತರದ ಗೀಟುಗಳು. ಈಚಿನವುಗಳಲ್ಲಿ ಮೂರಡಿ-ಎರಡಡಿ ಕಬ್ಬಿಣದ ತಗಡುಗಳ ಚೌಕಗಳು ಕಾಣುತ್ತವೆ; ಎಚ್‌ಒದಲ್ಲಿ 10 ಮತ್ತು 7 ಮಿ.ಮೀ. ಎತ್ತರದ ಕಂಬವನ್ನು ಒಂದೇ ದಿನ ಎರಕ ಹೊಯ್ಯುವುದಿಲ್ಲವಾದ್ದರಿಂದ ಹಂತಹಂತಕ್ಕೆ ಒಂದು ಅಡ್ಡಗೆರೆಯೂ ಇರುತ್ತದೆ, ಅದರ ಕೆಳಗೂ ಮೇಲೂ ಬಣ್ಣದಲ್ಲಿ ತುಸು ವ್ಯತ್ಯಾಸವೂ ಇರುತ್ತದೆ. ಇವನ್ನು ಮೊಂಡು ಪೆನ್ಸಿಲಿನಿಂದ ಒತ್ತಿ ಮೂಡಿಸಬೇಕು. ಆಳವಾಗಿ ಕೊರೆದರೆ ಟೈಲ್ಸ್ ಹಚ್ಚಿದ ಗೋಡೆಯಾದೀತು.

ಬೂದು ಬಣ್ಣ ಒಂದೇ ಅಲ್ಲ

ಹೊಸ ಕಾಂಕ್ರೀಟ್ ತಿಳಿ ಬೂದು. ಅದರಲ್ಲಿ ಹಳದಿಯ ಛಾಯೆಯೂ ಇದೆ. ಕಪ್ಪು-ಬಿಳುಪನ್ನು ಬೆರೆಸಿ ಮಾಡಿದ ಬೂದು ನೀಲಿಗೆ ತಿರುಗುತ್ತದೆ, ಅದು ಹಡಗಿನ ಬಣ್ಣ. ಬಿಳಿಗೆ ತುಸು ಕಂದು, ಚಿಟಿಕೆ ಹಳದಿ, ಆಮೇಲೆ ಕಪ್ಪು ಎಂಬುದು ಅನುಭವಿಗಳ ಕ್ರಮ. ಮಾದರಿಯನ್ನು ಒಂದು ಮೀಟರ್ ದೂರದಿಂದ ನೋಡುವುದೆಂದರೆ ನಿಜ ಸೇತುವೆಯನ್ನು 87 ಮೀಟರ್ ಆಚೆಯಿಂದ ನೋಡಿದಂತೆ. ಅಷ್ಟು ದೂರದಲ್ಲಿ ಗಾಳಿಯ ಧೂಳು ಎಲ್ಲ ಬಣ್ಣಗಳನ್ನೂ ಮಸುಕಾಗಿಸುತ್ತದೆ. ಆದ್ದರಿಂದ ಕಂಡದ್ದಕ್ಕಿಂತ ಒಂದು ಪಟ್ಟು ತಿಳಿಯಾಗಿ ಬಳಿಯಬೇಕು.

ಆಮೇಲಿನದ್ದು ನೀರಿನ ಕೆಲಸ. ತಡೆಗೋಡೆಯ ಬುಡದಲ್ಲಿರುವ ಮಳೆನೀರಿನ ಕೊಳವೆಗಳಿಂದ ತೊಲೆಯ ಮೇಲೆ ಕಪ್ಪು ಗೀರುಗಳು ಇಳಿದಿರುತ್ತವೆ. ಸಂದುಗಳಿಂದ ಸೋರಿದ ನೀರು ಕಂಬದ ತಲೆಪಟ್ಟಿಯನ್ನು ಕಪ್ಪಾಗಿಸುತ್ತದೆ. ಸ್ಲ್ಯಾಬಿನ ತಳದಲ್ಲಿ ಬಿರುಕಿದ್ದರೆ ಸುಣ್ಣ ಕರಗಿ ಹೊರಬಂದು ಬಿಳಿಯ ಪದರವಾಗುತ್ತದೆ. ಕಬ್ಬಿಣದ ಸರಳು ಹೊರಬಿದ್ದಲ್ಲಿ ತುಕ್ಕಿನ ಕೆಂಪು. ಕಂದು ಬಣ್ಣವನ್ನು ಹಾಲಿನಷ್ಟು ತೆಳುವಾಗಿಸಿ, ಮೇಲಿನಿಂದ ಕೆಳಗೆ ಕುಂಚ ಎಳೆದು, ಒಣಗುವ ಮುನ್ನ ಒದ್ದೆ ಬಟ್ಟೆಯಿಂದ ಒರೆಸುತ್ತಾ ಹೋಗಬೇಕು. ನೀರು ಎಲ್ಲಿಂದ ಬಂತು ಎಂಬುದಕ್ಕೆ ಉತ್ತರವಿಲ್ಲದ ಕಲೆಯನ್ನು ಹಾಕಲೇಬಾರದು.

ಮಲಪ್ರಭೆಯ ಮಾದರಿಯಲ್ಲಿ ಮತ್ತೊಂದು ಗುರುತು ತಪ್ಪಬಾರದು. ಅದು ಪ್ರವಾಹದ ಗೆರೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ನೆರೆಯನ್ನು ಈ ಭಾಗದ ಜನ ಮರೆತಿಲ್ಲ. 2019ರ ಆಗಸ್ಟಿನಲ್ಲಿ ನವಿಲುತೀರ್ಥದಿಂದ ಬಿಟ್ಟ ನೀರು ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನುಗ್ಗಿತ್ತು. ಬಾದಾಮಿ ತಾಲ್ಲೂಕಿನ ಗೋವನಕೊಪ್ಪದ ಹಳೆಯ ಸೇತುವೆ ನದಿ ಉಕ್ಕಿದಾಗ ಮುಳುಗಿದ ಸುದ್ದಿ ಪತ್ರಿಕೆಗಳಲ್ಲಿ ಮರುಮರಳಿ ಬಂದಿದೆ. ನೀರು ಇಳಿದ ಮೇಲೆ ಇಂಥ ಸೇತುವೆಗಳ ಕಂಬದ ಮೇಲೆ ರಾಡಿಯ ಬಣ್ಣದ ಪಟ್ಟಿ ಉಳಿಯುತ್ತದೆ. ಒಂದು ಮಟ್ಟಕ್ಕೆ ಸರಿಯಾಗಿ, ಎಲ್ಲ ಕಂಬಗಳಲ್ಲೂ ಒಂದೇ ಎತ್ತರಕ್ಕೆ. ರೇಲಿಂಗಿನ ಕಂಬಿಗಳಿಗೆ ಕಬ್ಬಿನ ರವದಿ, ಮುಳ್ಳುಕಂಟಿ, ಹರಿದ ಪ್ಲಾಸ್ಟಿಕ್ ಸಿಕ್ಕಿಕೊಂಡಿರುತ್ತವೆ. ಅವೂ ಹರಿವಿನ ದಿಕ್ಕಿಗೆ ಎದುರಾದ ಬದಿಯಲ್ಲಿ ಮಾತ್ರ. ಹಳೆಯ ಹಗ್ಗವನ್ನು ಸಣ್ಣಗೆ ಕತ್ತರಿಸಿ ಅಂಟಿಸಿದರೆ ರವದಿಯಾಗುತ್ತದೆ. ಪರದೇಶದ ಯಾವ ಪೆಟ್ಟಿಗೆಯಲ್ಲೂ ಇದು ಬರುವುದಿಲ್ಲ.

ನಮ್ಮ ರಸ್ತೆಯ ಇನ್ನಷ್ಟು ಗುರುತುಗಳು ಅಗ್ಗದಲ್ಲಿ ಆಗುವಂಥವು. ಅಂಚುಗಟ್ಟೆಗೆ ಕಪ್ಪು-ಬಿಳಿ ಪಟ್ಟೆ. ತುದಿಯ ಕಂಬದ ಮೇಲೆ ಕಿಲೋಮೀಟರ್ ಹಾಗೂ ಆ ಕಿಲೋಮೀಟರಿನಲ್ಲಿ ಅದು ಎಷ್ಟನೆಯದು ಎಂದು ಹೇಳುವ ಸಂಖ್ಯೆ. ರಾಷ್ಟ್ರೀಯ ಹೆದ್ದಾರಿಯಾದರೆ ಹಳದಿ ತಲೆಯ, ರಾಜ್ಯ ಹೆದ್ದಾರಿಯಾದರೆ ಹಸಿರು ತಲೆಯ ಮೈಲುಗಲ್ಲು.

ರೈಲು ಯಾವ ಕಾಲದ್ದು, ಸೇತುವೆ ಯಾವ ಕಾಲದ್ದು?

ಎಷ್ಟೇ ನಾಜೂಕಾಗಿ ಕಟ್ಟಿದ ಸೇತುವೆಯೂ ಕಾಲ ತಪ್ಪಿದರೆ ಸುಳ್ಳಾಗುತ್ತದೆ. ಮೀಟರ್ ಗೇಜಿನ ಕಾಲದ ಬಾದಾಮಿಯನ್ನು ಕಟ್ಟುವವರಿಗೆ 12 ಮಿ.ಮೀ. ಹಳಿ ಬೇಕು; ವಿದ್ಯುತ್ ಕಂಬಗಳು ಬೇಡ; ಸೇತುವೆ ಈಗಿನಷ್ಟು ಎತ್ತರವಿರಬೇಕಿಲ್ಲ. ಕಲ್ಲಿನ ಕಂಬಗಳ ಮೇಲೆ ಹಾಸಿದ ಕಾಂಕ್ರೀಟ್ ಸ್ಲ್ಯಾಬು, ಪುಟ್ಟ ಪುಟ್ಟ ಕಾಂಕ್ರೀಟ್ ಕಂಬಗಳ ನಡುವೆ ತೂರಿಸಿದ ಅಡ್ಡಪಟ್ಟಿಗಳ ರೇಲಿಂಗು ಆ ಕಾಲಕ್ಕೆ ಒಪ್ಪುತ್ತವೆ. ಈಗಿನ ವಿದ್ಯುತ್ ಎಂಜಿನ್ನಿಗಾದರೆ ಗಟ್ಟಿ ಕಾಂಕ್ರೀಟಿನ ತಡೆಗೋಡೆ, ಎಚ್‌ಒದಲ್ಲಿ 10 ಮಿ.ಮೀ. ಎತ್ತರದ್ದು, ಬುಡ ಅಗಲವಾಗಿ ತುದಿ ಕಿರಿದಾಗಿ ಇರುವಂಥದ್ದು. ತಂತಿಯ ಮೇಲೆ ಹಾದುಹೋಗುವ ಭಾಗದಲ್ಲಿ ಜನ ಕೈ ಚಾಚದಂತೆ ಎತ್ತರದ ಜಾಲರಿಯೂ ಬೇಕು. ಉಗಿ ಎಂಜಿನ್ನಿನ ಮೇಲೆ ಈ ತಡೆಗೋಡೆ ನಿಲ್ಲಿಸುವುದೆಂದರೆ ಪೌರಾಣಿಕ ನಾಟಕದ ಅರ್ಜುನ ಕೈಗಡಿಯಾರ ಕಟ್ಟಿಕೊಂಡು ರಂಗಕ್ಕೆ ಬಂದಂತೆ.

ಅಳತೆಗೆ ಹೊರಡುವವರು ರಸ್ತೆಯ ಮೇಲೆ ನಿಂತೇ ಕೆಲಸ ಮುಗಿಸುವುದು ಕ್ಷೇಮ. ಅನುಮತಿ ಇಲ್ಲದೆ ರೈಲು ಹಳಿಯ ಆವರಣಕ್ಕೆ ಇಳಿಯುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧ. ಆರು ತಿಂಗಳವರೆಗೆ ಸೆರೆವಾಸ ಇಲ್ಲವೇ ದಂಡ ಅಥವಾ ಎರಡೂ ಆಗಬಹುದು. ಅಣೆಕಟ್ಟೆಯ ಆಸುಪಾಸಿನಲ್ಲಿ ಕ್ಯಾಮೆರಾ ತೆಗೆಯುವ ಮುನ್ನ ಕಾವಲಿನವರನ್ನು ಕೇಳುವುದು ಲೇಸು. ಟೇಪು ಮುಟ್ಟದ ಎತ್ತರಕ್ಕೆ ಒಂದು ಉಪಾಯವುಂಟು: ಅಳತೆ ಗೊತ್ತಿರುವ ಒಬ್ಬ ಆಳನ್ನು ಕಂಬದ ಪಕ್ಕದಲ್ಲಿ ನಿಲ್ಲಿಸಿ ದೂರದಿಂದ ನೇರವಾಗಿ ಚಿತ್ರ ತೆಗೆದರೆ ಉಳಿದದ್ದನ್ನು ಲೆಕ್ಕ ಹಾಕಬಹುದು.

ಬೇರೆಯವರ ಕೆಲಸ ನೋಡಬೇಕೆನ್ನುವವರಿಗೆ ಪುಣೆಯ ಕೋಥ್ರೂಡಿನಲ್ಲಿ 1998ರಲ್ಲಿ ಆರಂಭವಾದ ಜೋಶಿಯವರ ಕಿರು ರೈಲು ವಸ್ತುಸಂಗ್ರಹಾಲಯವಿದೆ. ಮೇಜಿನ ಮೇಲೆ ಊರೇ ಇರುವ ಅಲ್ಲಿನ ಎಚ್‌ಒ ಲೇಔಟ್ ಭಾರತದಲ್ಲಿ ಈ ಹವ್ಯಾಸಕ್ಕೆ ಸಿಕ್ಕ ಅಪರೂಪದ ನೆಲೆ. ಹುಬ್ಬಳ್ಳಿಯಲ್ಲಿ 2020ರಲ್ಲಿ ತೆರೆದ ರೈಲ್ವೆ ವಸ್ತುಸಂಗ್ರಹಾಲಯದ ಎರಡು ಹಳೆಯ ಕಟ್ಟಡಗಳಿಗೆ ಮಲಪ್ರಭಾ, ಘಟಪ್ರಭಾ ಎಂದೇ ಹೆಸರು.

ಇಳಕಲ್ಲಿಗೆ ರೈಲು

ಹುನಗುಂದಕ್ಕಾಗಲಿ ಇಳಕಲ್ಲಿಗಾಗಲಿ ರೈಲು ಮಾರ್ಗವಿಲ್ಲ. ಪಕ್ಕದ ಕುಷ್ಟಗಿಗೆ 2025ರ ಮೇ ತಿಂಗಳಲ್ಲಿ ಗಾಡಿ ಬಂದಿತು. ಇಳಕಲ್ಲಿನವರ ಬೇಡಿಕೆ ಹಾಗೆಯೇ ಇದೆ. ಮಾದರಿ ರೈಲಿನಲ್ಲಿ ಮಂಜೂರಾತಿಯ ಅಗತ್ಯವಿಲ್ಲವಾದ್ದರಿಂದ, ಇಲ್ಲದ ಮಾರ್ಗವನ್ನು ಇದ್ದಂತೆ ಕಟ್ಟುವ ಸಂಪ್ರದಾಯವೂ ಹವ್ಯಾಸಿಗಳಲ್ಲಿ ಉಂಟು. ರಾಷ್ಟ್ರೀಯ ಹೆದ್ದಾರಿ 50 ಇಳಕಲ್ಲಿನ ಹೊರವಲಯದಲ್ಲಿ ಒಂದು ರೈಲು ಹಳಿಯ ಮೇಲೆ ಹಾಯ್ದರೆ ಹೇಗಿದ್ದೀತು? ಚತುಷ್ಪಥಕ್ಕೆ ಅಕ್ಕಪಕ್ಕದಲ್ಲಿ ಎರಡು ಪ್ರತ್ಯೇಕ ಸೇತುವೆ, ನಡುವೆ ಬೆಳಕು ಇಳಿಯುವ ಕಿಂಡಿ, ಕೆಳಗೆ ಹಳಿಯ ಬದಿಯಲ್ಲಿ ಕಡಿದ ಕೆಂಗಲ್ಲಿನ ಬಂಡೆ. ಊರು ಕಲ್ಪನೆಯದಾದರೂ ಸೇತುವೆಯ ಅಳತೆ ಕಲ್ಪನೆಯದಾಗಬಾರದು ಎಂಬ ಒಂದು ಕಟ್ಟಳೆಯನ್ನು ಪಾಲಿಸಿದರೆ ಇಂಥ ಲೇಔಟು ನಂಬುವಂತೆ ನಿಲ್ಲುತ್ತದೆ.

ಬಣ್ಣಕ್ಕಾಗಿ ದೂರ ಹೋಗಬೇಕಿಲ್ಲ. ಇಳಕಲ್ಲಿನ ಗ್ರಾನೈಟ್ ಕೊಯ್ಯುವಲ್ಲಿ ಬೀಳುವ ನಸುಗೆಂಪು ಪುಡಿ, ಬಾದಾಮಿಯ ಮರಳುಗಲ್ಲಿನ ಧೂಳು, ಹುನಗುಂದದ ಎರೆಮಣ್ಣು, ಇವನ್ನು ಒಣಗಿಸಿ ತೆಳುವಾದ ಅರಿವೆಯಲ್ಲಿ ಎರಡು ಬಾರಿ ಜಾಲಿಸಿದರೆ ಸೇತುವೆಯ ಬುಡಕ್ಕೆ, ಏರುದಾರಿಯ ಇಳಿಜಾರಿಗೆ, ರಸ್ತೆಯ ಅಂಚಿಗೆ ಹಚ್ಚಲು ಸಿದ್ಧ. ಹಚ್ಚುವ ಮುನ್ನ ಆ ಪುಡಿಯ ಮೇಲೆ ಕಾಗದ ಸುತ್ತಿದ ಅಯಸ್ಕಾಂತವನ್ನು ಆಡಿಸಬೇಕು. ಕಲ್ಲಿನ ಪುಡಿಯಲ್ಲಿ, ಅದರಲ್ಲೂ ಯಂತ್ರದಿಂದ ಕೊಯ್ದಾಗ ಬಿದ್ದ ಪುಡಿಯಲ್ಲಿ, ಕಬ್ಬಿಣದ ಕಣಗಳು ಸೇರಿರುವುದುಂಟು. ಅವು ಹಳಿಯ ಮೇಲೆ ಉದುರಿ ಎಂಜಿನ್ನಿನ ಮೋಟಾರಿಗೆ ಅಂಟಿಕೊಂಡರೆ ಗಾಡಿ ಸೇತುವೆಯ ಕೆಳಗೇ ನಿಂತುಬಿಡುತ್ತದೆ.